ಮೂರನೇ ಸಲದ ಕುರ್ಚಿ

ಮೊನ್ನೆ ಆಫೀಸಿನಲ್ಲಿ ಯಾರೋ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದರು. ಚಕ್ಕೆ, ಲವಂಗದ ವಾಸನೆ ಮೂಗಿಗೆ ಬಡಿದದ್ದೇ ತಡ, ಡಚ್ಚರ ನಾಡಿನ ಲೈಡನ್ ಊರಿನ ಆ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ನಿಂತ ಹಾಗಾಯಿತು...

ಓದುವಾಗ ನಾನು ಬಾಡಿಗೆಗಿದ್ದ ಮನೆ ಅದು. ಕೆಳಗೆ ಮನೆಯೊಡತಿ ಅಜ್ಜಿ, ಅಟ್ಟದ ಕೋಣೆಯಲ್ಲಿ ನಾನು. ಅವರ ಮುತ್ತಜ್ಜಿಯ ಕಾಲದಿಂದ, ಅಂದರೆ ಹತ್ತೊಂಬತ್ತನೇ ಶತಮಾನದಿಂದಲೇ, ಅಲ್ಲಿ ವಿದ್ಯಾರ್ಥಿಗಳಿಗೆ ಕೋಣೆ ಕೊಡುತ್ತಿದ್ದರು. ಮೊದಲ ದಿನ ಅಜ್ಜಿ ಕಾಫಿಯ ಜೊತೆ ಡಬ್ಬಿ ಹಿಡಿದರು. ಮೈಸೂರಿನ ಮರ್ಯಾದೆ ನೋಡಿ, "ಬೇಡ, ನಿಮಗ್ಯಾಕೆ ತೊಂದರೆ" ಅಂದೆ. ಅವರು ಮುಚ್ಚಳ ಹಾಕಿ ಡಬ್ಬಿಯನ್ನು ಕಪಾಟಿಗೆ ಸೇರಿಸಿಬಿಟ್ಟರು. ನನಗೋ ಹೊಟ್ಟೆ ಚುರುಗುಡುತ್ತಿತ್ತು. ಕಣ್ಣು ಮತ್ತೆ ಮತ್ತೆ ಕಪಾಟಿನತ್ತ ಹೋಗುವುದನ್ನು ಕಂಡು ಏನು ಸಮಾಚಾರ ಎಂದು ಕೇಳಿದರು. ನಮ್ಮ ಕಡೆ ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲ ಕೇಳಿದರೆ ತೆಗೆದುಕೊಳ್ಳಬೇಕು ಎಂದು ವಿವರಿಸುವಷ್ಟರಲ್ಲಿ ನಾಚಿಕೆಯಿಂದ ಹಿಡಿಯಷ್ಟಾಗಿದ್ದೆ.

ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುತ್ತಜ್ಜಿಯ ಕಾಲದ ಹುಡುಗರದ್ದೂ ಇದೇ ಕತೆಯಂತೆ. ಕಾಲೇಜಿಗೆ ಹೊಸದಾಗಿ ಸೇರಿದವನು ಟೋಪಿ, ಕೈಗವಸು ಧರಿಸಿ, ಮೊದಲೇ ಹೆಸರಿನ ಚೀಟಿ ಕಳಿಸಿ, ಸೀನಿಯರ್‌ಗಳ ಕೋಣೆಗೆ ಹೋಗಬೇಕು. ಕೂತುಕೋ ಅಂದ ತಕ್ಷಣ ಕೂರುವ ಹಾಗಿಲ್ಲ, ಮೂರನೇ ಸಲ ಹೇಳಿದ ಮೇಲೆಯೇ ಕುರ್ಚಿ. ಒಬ್ಬ ಸೀನಿಯರ್ ಎರಡು ಸಲ ಹೇಳಿದವನು, ಪೈಪಿಗೆ ಹೊಗೆಸೊಪ್ಪು ತುಂಬುತ್ತ ಮೂರನೆಯದನ್ನು ಮರೆತೇಬಿಟ್ಟ. ಪಾಪ, ಆ ಹುಡುಗ ಸಂಜೆಯೆಲ್ಲ ಟೋಪಿ ಹಿಡಿದು ಮೂಲೆಯಲ್ಲಿ ನಿಂತೇ ಇದ್ದ. ದೀಪ ಹಚ್ಚಲು ಬಂದ ಮುತ್ತಜ್ಜಿ ಅವನನ್ನು ಕಂಡು ಚೀರಿದಳಂತೆ.

ಅಂದಿನಿಂದ ಅಜ್ಜಿ ನನ್ನನ್ನು ಏನು ಕೇಳಿದರೂ ಮೂರು ಸಲ ಕೇಳುತ್ತಿದ್ದರು. ತಾವೂ ಆ ಆಟ ಕಲಿತರು. ಚಹಾ ಮಾಡಿಕೊಡಲೇ ಎಂದರೆ ಎದೆಯ ಮೇಲೆ ಕೈಯಿಟ್ಟು, ನನ್ನದೇ ಧಾಟಿಯಲ್ಲಿ ಬೇಡ ಅನ್ನುತ್ತಿದ್ದರು.

ಕೊರೋನಾ ಬರುವ ಹೊತ್ತಿಗೆ ನಾನು ಕೆಲಸಕ್ಕೆಂದು ಅದೇ ದೇಶದ ದಕ್ಷಿಣದ ಊರು ವೆಲ್ಡ್‌ಹೋವನ್‌ಗೆ ಬಂದಿದ್ದೆ. ಎರಡನೇ ಲಾಕ್‌ಡೌನಿನಲ್ಲಿ ಒಂದು ಮನೆಗೆ ಅತಿಥಿ ಒಬ್ಬರೇ ಎಂಬ ನಿಯಮ ಬಂತು. ಅದೇ ಸಮಯದಲ್ಲಿ ಅಜ್ಜಿಯ ಹುಟ್ಟುಹಬ್ಬ. ಅವರ ಮಗಳಿಗೆ ಸೋಂಕು ತಗುಲಿ ಬರುವ ಹಾಗಿರಲಿಲ್ಲ. ನಾನು ಫೋನ್ ಮಾಡಿ, ಬರಲಾ ಎಂದು ಕೇಳಿದೆ.

"ಬೇಡ, ನಿನಗ್ಯಾಕೆ ತೊಂದರೆ" ಅಂದರು.

ಡಚ್ಚರು ಬೇಡ ಅಂದರೆ ಬೇಡ ಎಂದೇ ಅರ್ಥ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೊರಗೆ ಮೈ ಕೊರೆಯುವ ಚಳಿ, ಮಾಸ್ಕ್ ಹಾಕಿಕೊಂಡು ಅಷ್ಟು ದೂರದ ರೈಲು... ಆ ಮಾತು ನನಗೆ ಅನುಕೂಲವಾಗಿತ್ತು. ಹುಷಾರಾಗಿರಿ ಎಂದು ಫೋನ್ ಇಟ್ಟೆ.

ಚಳಿಗಾಲ ಮುಗಿಯುವ ಮೊದಲೇ ಅಜ್ಜಿ ತೀರಿಕೊಂಡರು. ಸುದ್ದಿ ತಿಳಿಸಲು ಮಗಳು ಫೋನ್ ಮಾಡಿದ್ದರು. ಮಾತಿನ ಮಧ್ಯೆ ಹುಟ್ಟುಹಬ್ಬದ ದಿನವನ್ನು ನೆನೆದು, ನಗುತ್ತಲೇ ಹೇಳಿದರು: "ಅವತ್ತು ಅಮ್ಮ ನನ್ನ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ. ಬೇಗ ಫೋನ್ ಇಡು, ಅವನು ಇನ್ನೂ ಎರಡು ಸಲ ಕೇಳ್ಬೇಕು ಅಂದ್ರು."

ನಾಚಿಕೆಗೆ ಮುಖ ಎಲ್ಲಿಡಲಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಮೊನ್ನೆ ಆ ಡಬ್ಬಿ ನನ್ನ ಮೇಜಿಗೂ ಬಂತು. ರೂಢಿಯಂತೆ ಬೇಡ ಅಂದೆ. ಡಬ್ಬಿ ಹಿಡಿದಿದ್ದ ಹುಡುಗಿ ಸರಿ ಎಂದು ಮುಚ್ಚಳ ಹಾಕಿ ಮುಂದೆ ಹೋದಳು. ಈ ದೇಶದಲ್ಲಿ ನನ್ನನ್ನು ಮೂರು ಸಲ ಕೇಳುವವರು ಒಬ್ಬರೇ ಇದ್ದರು. ಅವರನ್ನು ನಾನು ಒಂದೇ ಸಲ ಕೇಳಿದೆ.