ಹತ್ರಿ ಹರಿಹರ

ಗುತ್ತೂರಿನ ಜಂಬಯ್ಯ ಶರಣರ ಪದಗಳನ್ನು ಇಂದು ಹಾಡುವವರಲ್ಲಿ ಅನೇಕರಿಗೆ ಅವರು ಬಸ್ ಏಜೆಂಟರಾಗಿದ್ದದ್ದು ಗೊತ್ತಿಲ್ಲ. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಅವರನ್ನು ಯಾರೂ ಬಹುವಚನದಲ್ಲಿ ಕರೆಯುತ್ತಿರಲಿಲ್ಲ. ಆಗ ಅವನು ಬರೀ ಜಂಬಯ್ಯ, ವಯಸ್ಸು ಇಪ್ಪತ್ತಾರು.

ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸಿನ ಬಾಗಿಲ ಬಳಿ ನಿಂತು ಜನರನ್ನು ಕೂಗಿ ಕರೆಯುವುದು ಅವನ ಕೆಲಸ. "ಹತ್ರಿ ಹರಿಹರ, ಹತ್ರಿ ಹರಿಹರ, ಹತ್ರೀ..." ಬೆಳಿಗ್ಗೆ ಆರಕ್ಕೆ ಶುರುವಾದರೆ ಸಂಜೆ ಆರರವರೆಗೆ ಇದೇ. ಬರಬರುತ್ತಾ ಈ ಕೂಗಿಗೆ ಒಂದು ರಾಗ ಬಂದಿತ್ತು. ಬಸ್ಸು ಹೊರಟು ಮುಂದಿನ ಬಸ್ಸು ಬರುವ ತನಕ ಅದೇ ರಾಗದಲ್ಲಿ ಮಾತು ಜೋಡಿಸುತ್ತಿದ್ದ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆಯಲು ಬರುತ್ತಿರಲಿಲ್ಲ. ಜೋಡಿಸಿದ್ದು ತಲೆಯಲ್ಲೇ ಉಳಿಯುತ್ತಿತ್ತು.

ಗುತ್ತೂರಿನ ಮಠದಲ್ಲಿ ಪ್ರತಿ ಸೋಮವಾರ ಸಂಜೆ ಭಜನೆ. ಹಾರ್ಮೋನಿಯಂ ನುಡಿಸುವ ತಿಪ್ಪೇರುದ್ರಪ್ಪನವರೇ ಮೇಳಕ್ಕೆ ಹಿರಿಯರು. ಜಂಬಯ್ಯ ಆರು ವರ್ಷದಿಂದ ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕುತ್ತಿದ್ದ. ತಾನು ಕಟ್ಟಿದ ಪದವೊಂದನ್ನು ಆ ಮಠದಲ್ಲಿ ಹಾಡಬೇಕು, ನಾಲ್ಕು ಜನ ತಿರುಗಿ ಹಾಡಬೇಕು. ಅವನಿಗೆ ಇದ್ದ ಆಸೆ ಅದೊಂದೇ.

ಶ್ರಾವಣದ ಮೊದಲ ಸೋಮವಾರ ಧೈರ್ಯ ಮಾಡಿ ಹಾಡಿದ. ಎರಡು ನುಡಿ ಮುಗಿದವು. ಮೂರನೆಯದರ ಕೊನೆಗೆ ಬಂದಾಗ ತಿಪ್ಪೇರುದ್ರಪ್ಪನವರು ಹಾರ್ಮೋನಿಯಂ ನಿಲ್ಲಿಸಿದರು.

"ಅಂಕಿತ ಎಲ್ಲೈತೋ?"

ಅಂಕಿತ ಎಂದರೆ ಪದದ ಕೊನೆಗೆ ಕಟ್ಟಿದವನು ಇಡುವ ದೇವರ ಹೆಸರು. ಅದನ್ನು ನೋಡಿಯೇ ಪದ ಯಾರದೆಂದು ಜನ ಗುರುತಿಸುವುದು. ಜಂಬಯ್ಯನ ಪದದಲ್ಲಿ ಅದು ಇರಲಿಲ್ಲ.

"ಇಲ್ರಿ ಯಜಮಾನ್ರೆ."

"ಬೋರ್ಡಿಲ್ಲದ ಬಸ್ಸಿಗೆ ಜನ ಹತ್ತಿಸ್ತೀಯೇನು ನೀನು?"

ಮೇಳದವರೆಲ್ಲ ನಕ್ಕರು. ಮದ್ದಳೆಯ ಮುರುಗೇಶಪ್ಪ, "ಬರೋ ಸೋಮವಾರ ಹಾರನ್ ತರ್ತಾನೆ ಬಿಡ್ರಿ" ಎಂದ.

"ಅಂಕಿತ ನಾವಾಗಿ ಇಟ್ಕೊಳ್ಳೋದಲ್ಲ, ಇನ್ನೊಬ್ರ ಬಾಯಿಂದ ಬರಬೇಕು" ಎಂದರು ತಿಪ್ಪೇರುದ್ರಪ್ಪನವರು. "ತಗೊಂಡು ಬಾ, ಹಾಡು. ಇಲ್ಲಾಂದ್ರೆ ತಾಳ ಹಾಕ್ಕೊಂಡಿರು, ಅದೂ ಸೇವೇನೇ."

ಮನೆಗೆ ಬಂದು ತಾಯಿ ಕಾಟಮ್ಮನಿಗೆ ಹೇಳಿದ. "ನಿಮ್ಮಪ್ಪನ ಹೆಸರು ಹಾಕು" ಎಂದಳು ಆಕೆ. "ಬದುಕಿರೋತನ ಯಾರೂ ಆತನ್ನ ಹಾಡಿ ಹೊಗಳಲಿಲ್ಲ." ಜಂಬಯ್ಯನಿಗೆ ನಗು ಬಂದರೂ ಊಟ ಸೇರಲಿಲ್ಲ. ಅಂಕಿತ ಕೇಳಲೆಂದು ವಿದ್ಯಾನಗರದಲ್ಲಿ ಶಾಸ್ತ್ರ ಬಲ್ಲ ಮೇಷ್ಟ್ರೊಬ್ಬರ ಮನೆಯವರೆಗೆ ಹೋಗಿ, ಗೇಟು ಮುಟ್ಟಿ, ಒಳಗೆ ಹೋಗಲು ಸಂಕೋಚವಾಗಿ ತಿರುಗಿ ಬಂದ.

ಶನಿವಾರ ಅಮೀನಾಬೀ ಬಂದರು. ಹರಿಹರದ ಬೀದಿಗಳಲ್ಲಿ ಬಳೆ ಮಾರುವ ಮುದುಕಿ, ದಿನವೂ ಇದೇ ಬಸ್ಸಿಗೆ ಬರುವವರು. ಅಂದು ಮೊಣಕಾಲು ನೋವಿಗೆ ಬಸ್ಸು ಹತ್ತಲಾಗದೆ, ಬಳೆಯ ಗಂಟು ಮಲಾರವನ್ನು ಪಕ್ಕಕ್ಕಿಟ್ಟು ಕಂಬದ ಕಟ್ಟೆಯ ಮೇಲೆ ಕೂತುಬಿಟ್ಟರು. ಜಂಬಯ್ಯ ಬಾಗಿ ಅವರ ಮುಂದೆಯೇ ಕೂಗಿದ.

"ದಿನಾ ಸುಳ್ಳು ಹೇಳ್ತೀಯಲ್ಲೋ ಬೇಟಾ" ಎಂದರು ಅಮೀನಾಬೀ.

"ನಾನೇನು ಸುಳ್ಳು ಹೇಳಿದ್ನಮ್ಮ?"

"ಹತ್ರ ಹರಿಹರ, ಹತ್ರ ಹರಿಹರ ಅಂತೀಯ. ಎಲ್ಲೈತೆ ಹತ್ರ? ಮುಕ್ಕಾಲು ಗಂಟೆ ಕುಲುಕಿಸಿ ಕುಲುಕಿಸಿ ಸೊಂಟ ಮುರೀತೈತೆ."

"ಹತ್ರ ಅಲ್ಲಮ್ಮ, ಹತ್ರಿ. ಬಸ್ ಹತ್ರಿ ಅಂತ."

"ಹಂಗಾ?" ಅವರ ಕಿವಿ ಸ್ವಲ್ಪ ಮಂದ. "ಮೂರು ವರ್ಷದಿಂದ ನಂಗೆ ಹತ್ರ ಅಂತಾನೇ ಕೇಳ್ತೈತಲ್ಲೋ. ಕಾಲು ನೋಯ್ತಿದ್ರೂ, ಹತ್ರಾನೇ ಐತಂತೆ ನಡಿ ಅಂದ್ಕೊಂಡು ಎದ್ದು ಬರ್ತಿದ್ದೆ."

ಹತ್ರ ಹರಿಹರ ಎಂದು ಜಂಬಯ್ಯ ತನ್ನಷ್ಟಕ್ಕೇ ಹೇಳಿ ನೋಡಿದ. ಡ್ರೈವರ್ ಎರಡು ಸಲ ಹಾರನ್ ಹೊಡೆದ ಮೇಲೆ ಎಚ್ಚರವಾಯಿತು.

ಸೋಮವಾರ ಅದೇ ಪದ ಹಾಡಿದ. ಕೊನೆಯ ನುಡಿ ಹೀಗಿತ್ತು:

ಇಳಿಯುವವರಿಗೂ ಆತುರ, ಏರುವವರಿಗೂ ಆತುರ,
ಜಾಗವಿಲ್ಲೆಂದು ಅಳಬೇಡ ಮನವೆ, ಹತ್ತಿರ ಹರಿಹರ.

ಹಾರ್ಮೋನಿಯಂ ಈ ಸಲ ತಾನಾಗಿ ನಿಂತಿತು.

"ಯಾರು ಕೊಟ್ರೋ?" ಎಂದು ಕೇಳಿದರು ತಿಪ್ಪೇರುದ್ರಪ್ಪನವರು.

ಕನಸಿನಲ್ಲಿ ಬಂತು ಎಂದಿದ್ದರೆ ಎಲ್ಲರೂ ಕೈ ಮುಗಿಯುತ್ತಿದ್ದರು. ಜಂಬಯ್ಯನಿಗೂ ಅದು ಹೊಳೆದಿತ್ತು. ನಿಜ ಹೇಳಿದರೆ ಇನ್ನು ತಾಳವೇ ಗತಿ ಎಂದೂ ಅನ್ನಿಸಿತ್ತು.

"ಬಳೆ ಮಾರೋ ಅಮೀನಾಬೀ ಅಂತ ಒಬ್ರು. ನಾನು ಹತ್ರಿ ಅಂದಿದ್ದು ಅವ್ರಿಗೆ ಹತ್ರ ಅಂತ ಕೇಳ್ಸಿತ್ರಿ."

ಮುರುಗೇಶಪ್ಪ ನಗಲು ಹೋಗಿ ಹಿರಿಯರ ಮುಖ ನೋಡಿ ಮದ್ದಳೆ ಬಿಗಿಯತೊಡಗಿದ.

"ಗುರುಕಾಣಿಕೆ ಕೊಟ್ಟೆಯೇನು?"

"ಇಲ್ರಿ."

"ಕಾಣಿಕೆ ಕೊಡದೆ ಹೆಂಗೆ ಹಾಡಿದ್ಯೋ? ಕೊಟ್ಟು ಬಾ. ಬರೋ ವಾರ ಎಲ್ಲಾರೂ ಹಾಡೋಣ." ನಂತರ ಮೆಲ್ಲಗೆ, "ಕೊನೇ ಸಾಲು ಇನ್ನೊಂದ್ಸಲ ಹೇಳು, ಮನೆ ಗುರ್ತು ಸಿಗ್ಲಿ" ಎಂದು ಹಾರ್ಮೋನಿಯಂ ಮನೆಗಳ ಮೇಲೆ ಬೆರಳಾಡಿಸಿ ಸ್ವರ ಹುಡುಕತೊಡಗಿದರು.

ಮರುದಿನ ಬೆಳಿಗ್ಗೆ ಜಂಬಯ್ಯ ಎಲೆ, ಅಡಿಕೆ, ತೆಂಗಿನಕಾಯಿಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಅಮೀನಾಬೀಯ ಕೈಗಿಟ್ಟು ಕಾಲು ಮುಟ್ಟಿದ.

"ಮದುವೆ ಏನೋ?"

"ಅಲ್ಲಮ್ಮ. ಹೆಸರು ಕೊಟ್ರಲ್ಲ, ಅದಕ್ಕೆ."

ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಮಲಾರದಿಂದ ಎರಡು ಹಸಿರು ಬಳೆ ತೆಗೆದು, "ನಿಮ್ಮವ್ವನಿಗೆ ಕೊಡು" ಎಂದರು. ಗಂಡ ಸತ್ತವಳಿಗೆ ಹಸಿರು ಬಳೆ ಎಂದು ಜಂಬಯ್ಯ ಒಂದು ಕ್ಷಣ ತಡೆದ. ಆಮೇಲೆ ಎರಡೂ ಕೈಯೊಡ್ಡಿ ತೆಗೆದುಕೊಂಡ. ಆ ಬಳೆಗಳನ್ನು ಕಾಟಮ್ಮ ತೊಡಲಿಲ್ಲ. ದೇವರ ಗೂಡಿನಲ್ಲಿಟ್ಟಳು.

ಅಂದು ಜಂಬಯ್ಯ ಮಲಾರ ಎತ್ತಿಕೊಂಡು ಅಮೀನಾಬೀಯನ್ನು ಮುಂದಿನ ಸೀಟಿನಲ್ಲಿ ಕೂಡ್ರಿಸಿದ. ಇಳಿದು ಬಾಗಿಲ ಬಳಿ ನಿಂತು ಕೂಗಿದ. ಹತ್ರಿ ಎಂದನೋ, ಹತ್ರ ಎಂದನೋ, ದೂರದಲ್ಲಿದ್ದ ಇಬ್ಬರು ಓಡಿ ಬಂದು ಹತ್ತಿದರು.