ಗೋಡೆಯ ಮೇಲಿನ ನೀಲಿ ಗೆರೆಗಳು

ನಮ್ಮ ಬೀದಿಯ ತುದಿಯಲ್ಲಿರುವ ಶಾಲೆಯ ವಿಜ್ಞಾನದ ಟೀಚರ್ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ನಾನು ದರ್ಜಿ. ನಲವತ್ತು ವರ್ಷ ಕಿಟಕಿ ಪಕ್ಕ ಕೂತು ಮಿಷನ್ ತುಳಿದವನು. ಯಾರು ಯಾವ ಮನೆಗೆ ಹೋದರು, ಎಷ್ಟು ಹೊತ್ತಿಗೆ ಹೊರಬಂದರು ಎಲ್ಲ ನನಗೆ ಗೊತ್ತು. ಹಗ್ಗ ಕಂಡರೂ ಹಾವು ಅನ್ನುತ್ತೀರಿ ಅಂತ ಹೆಂಡತಿ ಬೈಯುತ್ತಾಳೆ. ಬೈಯಲಿ.

ಆಕೆ ಮೊದಲ ಸಲ ಬಟ್ಟೆ ಹೊಲಿಸಲು ಬಂದಾಗ ಅಳತೆ ಕೊಡುವುದು ಬಿಟ್ಟು, ದಾರದ ತುದಿ ಎಂಜಲು ಮಾಡಿದರೆ ಸೂಜಿಯೊಳಗೆ ಸಲೀಸಾಗಿ ಹೋಗುವುದೇಕೆ ಎಂದು ಕೇಳಿದರು. ಹೋಗುತ್ತದಲ್ಲ, ಸಾಲದೇ? ಮಕ್ಕಳಿಗೂ ಅದೇ ಪಾಠ. ಒಗೆದ ಬಟ್ಟೆ ಯಾವ ದಿನ ಬೇಗ ಒಣಗಿತು, ಸಕ್ಕರೆ ಡಬ್ಬಿಗೆ ಇರುವೆ ಯಾವ ದಾರಿಯಿಂದ ಬಂತು, ನೋಡಿ ಬರೆಯಬೇಕು. ಮೂರನೇ ಕ್ಲಾಸಿನ ನನ್ನ ಮೊಮ್ಮಗಳು ಮನೆಯ ಸಂದಿಗೊಂದಿಯನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸುವಾಗ ನನ್ನ ಮೈ ಉರಿಯುತ್ತಿತ್ತು. ನಮ್ಮ ಮನೆ ಇರುವೆಯ ಸುದ್ದಿ ಈಕೆಗೇಕೆ? ಪುಸ್ತಕದಲ್ಲಿ ಪಾಠ ಇಲ್ಲವೇ?

ಆರು ವರ್ಷವಾದರೂ ಆಕೆಯ ಕೆಲಸ ಖಾಯಂ ಆಗಿರಲಿಲ್ಲ. ಕಳೆದ ಸೋಮವಾರ ಮೇಲಿನ ಸಾಹೇಬರು ಬಂದು ಪಾಠ ನೋಡುವವರಿದ್ದರು. ಅವರು ಮೆಚ್ಚಿದರೆ ಕೆಲಸ ಉಳಿಯಿತು, ಇಲ್ಲದಿದ್ದರೆ ಮನೆಗೆ. ಇದು ಬೀದಿಗೆಲ್ಲ ಗೊತ್ತಿತ್ತು.

ಅದರ ಹಿಂದಿನ ವಾರ ಪಕ್ಕದ ಬೀದಿಯಲ್ಲಿ ಕಳ್ಳತನವಾಗಿತ್ತು. ಕಳ್ಳರು ಮೊದಲೇ ಬಂದು ಗೋಡೆಗೆ ಗುರುತು ಹಾಕಿ ಹೋಗುತ್ತಾರಂತೆ ಎಂದು ಹಾಲಿನವನು ಹೇಳಿದ. ಭಾನುವಾರ ಸಂಜೆ ನಾನು ನಮ್ಮ ಸಾಲಿನ ಏಳೂ ಮನೆ ಗೋಡೆ ನೋಡಿಕೊಂಡು ಬಂದೆ. ಪ್ರತಿ ಮನೆಯ ಬಾಗಿಲ ಪಕ್ಕ, ನಿಂತವರ ಕಣ್ಣಿಗೆ ಬೀಳದ ಮೊಣಕಾಲೆತ್ತರದಲ್ಲಿ, ಒಂದರ ಮೇಲೊಂದು ಎಂಟು ಗೆರೆ. ಅದೂ ನೀಲಿ. ಬಟ್ಟೆಗೆ ಗುರುತು ಹಾಕುವ ನನ್ನ ಚಪ್ಪಟೆ ಚಾಕ್‌ಪೀಸಿನ ಬಣ್ಣ. ಈ ಬೀದಿಯಲ್ಲಿ ಅದು ಇರುವುದು ನನ್ನ ಹತ್ತಿರ ಮಾತ್ರ. ಯಾರೋ ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾರೆ ಎಂದುಕೊಂಡೆ. ಮರುದಿನ ಬೆಳಗಾಗುತ್ತಲೇ ಒದ್ದೆ ಬಟ್ಟೆ ಹಿಡಿದು ಏಳೂ ಗೋಡೆ ಒರೆಸಿ, ಏನೂ ಅರಿಯದವನಂತೆ ಬಂದು ಮಿಷನ್ ಮುಂದೆ ಕೂತೆ.

ಮಧ್ಯಾಹ್ನ ಟೀಚರ್, ಸಾಹೇಬರು, ಹಿಂದೆ ಮಕ್ಕಳ ದಂಡು ಬೀದಿಗೇ ಬಂದಿತು. ಎರಡು ತಿಂಗಳಿಂದ ಪ್ರತಿ ಭಾನುವಾರ ಹನ್ನೆರಡು ಗಂಟೆಗೆ ಮಕ್ಕಳು ತಮ್ಮ ತಮ್ಮ ಮನೆಯ ಸೂರಿನ ನೆರಳು ಗೋಡೆಯ ಮೇಲೆ ಎಲ್ಲಿಗೆ ಬೀಳುತ್ತದೋ ಅಲ್ಲಿ ಗೆರೆ ಎಳೆದಿದ್ದರಂತೆ. ವಾರವಾರವೂ ನೆರಳು ಎಷ್ಟು ಜರುಗಿದೆ ಎಂದು ಸಾಹೇಬರ ಮುಂದೆಯೇ ಅಳೆಯಬೇಕೆಂದು ಕಾಯ್ದಿದ್ದರು. ನಾನು ಊಟ ಮಾಡಿ ಮಲಗುವ ಹೊತ್ತಿಗೇ ನನ್ನ ಗೋಡೆಯ ಮೇಲೆ ಇಷ್ಟೆಲ್ಲ ನಡೆದಿತ್ತು.

ಮಕ್ಕಳು ಅಳತೆಪಟ್ಟಿ ಹಿಡಿದು ಗೋಡೆಯಿಂದ ಗೋಡೆಗೆ ಓಡಿದರು. ಒಂದು ಗೆರೆಯೂ ಇಲ್ಲ. ಟೀಚರ್ ಮುಖ ಬಿಳಿಚಿಕೊಂಡಿತು. ಪಾಠವನ್ನೇ ಮಾಡಿಲ್ಲವೇನಮ್ಮಾ ಎಂದು ಸಾಹೇಬರು ಕೇಳಿದರು.

"ತಾತ ಒರೆಸಿದ್ರು. ಬೆಳಿಗ್ಗೆ ನಾನೇ ನೋಡ್ದೆ," ಎಂದಳು ನನ್ನ ಮೊಮ್ಮಗಳು. ಚಾಕ್‌ಪೀಸನ್ನು ತಾತನ ಡಬ್ಬಿಯಿಂದ ಕೇಳದೆ ತೆಗೆದು ಎಲ್ಲರಿಗೂ ಕೊಟ್ಟದ್ದು ತಾನೇ, ಆ ಹೆದರಿಕೆಗೆ ತಾತ ಒರೆಸುವಾಗ ತಡೆಯಲಿಲ್ಲ ಎಂದೂ ಅಳುತ್ತ ಹೇಳಿದಳು.

ಸಾಹೇಬರು ಕಿಟಕಿಯ ಹತ್ತಿರ ಬಂದು, "ಹೌದಾ ಯಜಮಾನ್ರೇ?" ಎಂದರು.

ಬೀದಿಯೆಲ್ಲ ನನ್ನನ್ನೇ ನೋಡುತ್ತಿತ್ತು. ಒಪ್ಪಿದರೆ ಗೋಡೆ ಒರೆಸುತ್ತ ತಿರುಗಿದ್ದೇಕೆ ಎಂದು ಕೇಳುತ್ತಾರೆ. "ಮಗು ಅದು ಸಾಮಿ, ಏನೋ ಒಂದು ಹೇಳತ್ತೆ," ಎಂದುಬಿಟ್ಟೆ.

ಟೀಚರ್ ಬಗ್ಗಿ ಮೊಮ್ಮಗಳ ಕಣ್ಣು ಒರೆಸಿ, "ನೀನು ಏನು ನೋಡಿದ್ಯೋ ಅದನ್ನೇ ಬರಿ ಪುಟ್ಟಾ," ಎಂದರು. ನಾಳೆ ನೋಟ್‌ಬುಕ್‌ಗಳನ್ನು ಆಫೀಸಿಗೆ ತನ್ನಿ, ಆಮೇಲೆ ತೀರ್ಮಾನ ಎಂದು ಹೇಳಿ ಸಾಹೇಬರು ಹೊರಟರು.

ಸಂಜೆ ಮೊಮ್ಮಗಳು ನೋಟ್‌ಬುಕ್ ತಂದು ಮಿಷನ್ ಮೇಲೆ ಬಿಚ್ಚಿಟ್ಟಳು. ಪೆನ್ಸಿಲ್ಲಿನಲ್ಲಿ ಎರಡೇ ಸಾಲು. 'ಗೆರೆಗಳನ್ನು ತಾತ ಒರೆಸಿದರು. ಕೇಳಿದಾಗ ಒಪ್ಪಲಿಲ್ಲ.' ಕೆಳಗೆ ಮನೆಯ ಹಿರಿಯರ ಸಹಿಗೆ ಜಾಗ.

"ಸಹಿ ಹಾಕು ತಾತ," ಎಂದಳು. ನನ್ನ ಮುಖ ನೋಡಲಿಲ್ಲ.

ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಪೆನ್ನು ತೆಗೆದುಕೊಂಡು, 'ಎರಡೂ ನಿಜ' ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.