ಬಾಗಲಾ ತಗದಿಡ್ರಿ

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಶಿಫ್ಟ್ ಮುಗಿಸಿ ನಾನು ಊಟಕ್ಕೆ ಹೋಗುತ್ತಿದ್ದ ಖಾನಾವಳಿಯ ಅಕ್ಕನಿಗೆ ‘ಬ್ಲಾಗ್’ ಎಂಬ ಪದ ಕೊನೆಯವರೆಗೂ ನಾಲಿಗೆಯಲ್ಲಿ ಹೊರಳಲಿಲ್ಲ. ಸೈಬರ್ ಕೆಫೆಯಲ್ಲಿ ಕೂತು ಬ್ಲಾಗ್ ಬರೆಯುತ್ತೇನೆ ಎಂದು ನಾನು ಹೇಳಿದಾಗ ಆಕೆಗೆ ಕೇಳಿಸಿದ್ದು ‘ಬಾಗಲಾ’, ಅಂದರೆ ಬಾಗಿಲು. ಅಂದಿನಿಂದ ನನ್ನನ್ನು ಕಂಡೊಡನೆ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, “ಬಾಗಲಾ ತಗದೀರೇನ್ರಿ ಅಣ್ಣಾರ?” ಎಂದು ವಿಚಾರಿಸುತ್ತಿದ್ದಳು.

ಆಕೆಯ ಎಣ್ಣೆಗಾಯಿಯ ರುಚಿಯ ಬಗ್ಗೆಯೂ ಬ್ಲಾಗಿನಲ್ಲಿ ಬರೆದಿದ್ದೆ. ತಿಂಗಳುಗಟ್ಟಲೆ ಕಾದರೂ ಓದಿದೆನೆಂದು ಒಬ್ಬರೂ ಹೇಳಲಿಲ್ಲ.

“ಯಾರೂ ಓದೂದಿಲ್ರಿ ಅಕ್ಕಾರ. ಬಂದ್ ಮಾಡ್ತೇನಿ,” ಎಂದೆ.

ಆಕೆ ಹಿಟ್ಟಿನ ಕೈಯನ್ನೇ ಅಡ್ಡ ಆಡಿಸಿದಳು. “ಬ್ಯಾಡ್ರಿ. ಬಾಗಲಾ ತಗದಿಡ್ರಿ.”

ಮುಂದೊಂದು ಮಧ್ಯಾಹ್ನ ನಾನು ಒಳಗೆ ಕಾಲಿಡುತ್ತಲೇ ಆಕೆ ಒಲೆ ಬಿಟ್ಟು ಎದ್ದು ಬಂದಳು. ಮೂಲೆಯಲ್ಲಿ ಅಪರಿಚಿತರೊಬ್ಬರು ಕೂತಿದ್ದರು. ಕಾಳಿ ನದಿ ನೋಡಲು ಬಂದವರು, ನನ್ನ ಬ್ಲಾಗ್ ಓದಿದ್ದರಿಂದ ಈ ಖಾನಾವಳಿಯನ್ನು ಹುಡುಕಿಕೊಂಡು ಬಂದಿದ್ದರು.

“ನಿಮ್ಮ ಬಾಗಲದಾಗಿಂದ ಒಬ್ರು ಬಂದಾರ್ರಿ,” ಎಂದು ಪಿಸುಗುಟ್ಟಿದಳು.

ತನ್ನ ಪಾತ್ರೆಗಳನ್ನು ಯಾರಿಗೂ ಮುಟ್ಟಗೊಡದಿದ್ದ ಆಕೆ ಬಿಸಿ ರೊಟ್ಟಿಯ ಬುಟ್ಟಿಯನ್ನು ನನ್ನ ಕೈಗಿಟ್ಟಳು.

“ನಿಮ್ಮ ಮನಿಗೆ ಬಂದವ್ರು. ನೀವಽ ಬಡಸ್ರಿ.”